ಸೂತ್ರ ಮತ್ತು ವೃತ್ತಿ: ಭೌತಶಾಸ್ತ್ರದ ಒಂದು ಲೆಕ್ಕ

'ಸೂತ್ರ'ವೆಂಬ ಶಬ್ದವು ಕನ್ನಡ ವಿದ್ವಾಂಸರಿಗೆ ವ್ಯಾಕರಣದ ಮೂಲಕ ಚಿರಪರಿಚಿತವಾದುದು. ೧೬೦೪ರಲ್ಲಿ ಭಟ್ಟಾಕಳಂಕನು 'ಕರ್ಣಾಟಕ ಶಬ್ದಾನುಶಾಸನ'ವನ್ನು ೫೯೨ ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಅಷ್ಟಕ್ಕೇ ನಿಲ್ಲದೆ ಅವಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದನು. ಸೂತ್ರವು ಅಲ್ಪಾಕ್ಷರವಾದುದರಿಂದ ಅದರ ಪದಗಳ ಅರ್ಥವನ್ನೂ, ಅದು ಸಲ್ಲುವ ಮತ್ತು ಸಲ್ಲದ ಎಡೆಗಳನ್ನೂ ವೃತ್ತಿಯೇ ತಿಳಿಸಬೇಕು. ಭೌತಶಾಸ್ತ್ರದ ಸೂತ್ರಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಸೂತ್ರಗಳು ಕಂಠಪಾಠವಾಗಿದ್ದರೂ ವಿದ್ಯಾರ್ಥಿಗಳು ಲೆಕ್ಕದಲ್ಲಿ ಎಡವುವುದು ಬಹುಮಟ್ಟಿಗೆ ವೃತ್ತಿಯನ್ನು ಬಿಟ್ಟು ಓದುವುದರಿಂದಲೇ.

ಉದಾಹರಣೆಗೆ ಬಾವಿಯ ಲೆಕ್ಕವನ್ನು ನೋಡಬಹುದು. ಬಾವಿಯೊಳಕ್ಕೆ ಕೈಬಿಟ್ಟ ಕಲ್ಲು ನೀರಿಗೆ ಬಿದ್ದ ಸದ್ದು ೨ ಸೆಕೆಂಡುಗಳ ತರುವಾಯ ಕೇಳಿಬಂದಿತು. ನೀರು ಎಷ್ಟು ಆಳದಲ್ಲಿದೆ? ಇದಕ್ಕೆ ಬೇಕಾದ ಸೂತ್ರವು ಹೀಗಿದೆ:

ದೂ = ½ × ಗು × ಕಾ²

'ದೂ' ಎಂಬುದು ಮೀಟರುಗಳಲ್ಲಿ ದೂರ. 'ಕಾ' ಎಂಬುದು ಸೆಕೆಂಡುಗಳಲ್ಲಿ ಕಾಲ. 'ಗು' ಎಂಬುದು ಗುರುತ್ವದಿಂದ ಉಂಟಾಗುವ ವೇಗೋತ್ಕರ್ಷ. ಬೀಳುವ ವಸ್ತುವಿನ ವೇಗವು ಒಂದೊಂದು ಸೆಕೆಂಡು ಕಳೆದಂತೆಲ್ಲ ಸೆಕೆಂಡಿಗೆ ೯.೮ ಮೀಟರಿನಷ್ಟು ಹೆಚ್ಚುತ್ತದೆ. ಅರ್ಧವೆಂಬುದು ಎಲ್ಲಿಂದ ಬಂದಿತು? ಕಲ್ಲಿನ ವೇಗವು ಮೊದಲು ಸೊನ್ನೆ. ೨ ಸೆಕೆಂಡುಗಳ ಕೊನೆಯಲ್ಲಿ ೧೯.೬. ವೇಗವು ಒಂದೇ ಸಮನಾಗಿ ಏರಿದುದರಿಂದ ಸರಾಸರಿಯು ಇದರರ್ಧ, ಅಂದರೆ ೯.೮. ಆ ಸರಾಸರಿಯಲ್ಲಿ ೨ ಸೆಕೆಂಡು ಸಾಗಿದರೆ ದೂರವು ೧೯.೬ ಮೀಟರು. ಇಷ್ಟನ್ನು ಅರಿತವನು ಸೂತ್ರವನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲನು.

ಆದರೆ ಆ ೨ ಸೆಕೆಂಡುಗಳಲ್ಲಿ ಸದ್ದು ಮೇಲೇರಿ ಬಂದ ಕಾಲವೂ ಸೇರಿದೆ. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೩೪೦ ಮೀಟರು. ಇದನ್ನೂ ಗಣನೆಗೆ ತಂದರೆ ಆಳವು ಸುಮಾರು ೧೮.೫ ಮೀಟರಿಗೆ ಇಳಿಯುತ್ತದೆ. ಹಗ್ಗ ಕೊಳ್ಳುವವನಿಗೆ ಈ ಒಂದು ಮೀಟರಿನ ವ್ಯತ್ಯಾಸವು ದೊಡ್ಡದಲ್ಲ. ಬಾವಿಯು ಆಳವಾದಷ್ಟೂ ತಪ್ಪು ಬೆಳೆಯುತ್ತದೆ.

ಸೂತ್ರವು ಸಲ್ಲದ ಎಡೆಗೆ ಮಳೆಹನಿಯೇ ಸಾಕ್ಷಿ. ೧೦೦೦ ಮೀಟರು ಎತ್ತರದ ಮೋಡದಿಂದ ಬೀಳುವ ಹನಿಯು, ಇದೇ ಲೆಕ್ಕದಂತೆ, ಸೆಕೆಂಡಿಗೆ ೧೪೦ ಮೀಟರು ವೇಗದಿಂದ ನೆಲವನ್ನು ಹೊಡೆಯಬೇಕು. ಹಾಗಾಗಿದ್ದರೆ ಮಳೆಯಲ್ಲಿ ಯಾರೂ ತಲೆಯೆತ್ತಿ ನಡೆಯುವಂತಿರಲಿಲ್ಲ. ವಸ್ತುತಃ ದೊಡ್ಡ ಹನಿಯ ವೇಗವೂ ಸುಮಾರು ೯ ಮೀಟರಿಗೆ ನಿಂತುಬಿಡುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಕಡೆಗೆ ಹನಿಯ ಭಾರಕ್ಕೆ ಸಮನಾಗುವುದೇ ಇದಕ್ಕೆ ಕಾರಣ. ಬೀಳುವ ದೂರವು ಕಾಲದ ವರ್ಗವನ್ನು ಅನುಸರಿಸುತ್ತದೆಂಬ ನಿಯಮವನ್ನು ೧೬೩೮ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ನಿರೂಪಿಸಿದ ಗೆಲಿಲಿಯೋ, ಗಾಳಿಯ ತಡೆಯನ್ನು ಅದೇ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಸೂತ್ರಕಾರನು ಮರೆಯದುದನ್ನು ಪಾಠ ಒಪ್ಪಿಸುವವರು ಮರೆಯುತ್ತಾರೆ.

ಆದುದರಿಂದ ಲೆಕ್ಕವನ್ನು ಬಿಡಿಸುವವನು ಕ್ರಮವಾಗಿ ನಾಲ್ಕನ್ನು ವಿಚಾರಿಸಬೇಕು: ಕೊಟ್ಟಿರುವುದೇನು, ಕೇಳಿರುವುದೇನು, ಮಾನಗಳು ಒಂದಕ್ಕೊಂದು ಹೊಂದುವುವೇ, ಸೂತ್ರವು ಯಾವುದನ್ನು ಕೈಬಿಟ್ಟಿದೆ? ಬಂದ ಉತ್ತರವನ್ನು ಲೋಕಾನುಭವದೊಡನೆ ಹೋಲಿಸುವುದು ಕಡೆಯ ಪರೀಕ್ಷೆ.

ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳು ಸೂತ್ರಗಳನ್ನು ಹೆಚ್ಚಾಗಿ ಅನ್ಯಭಾಷೆಯಲ್ಲಿಯೇ ಕಲಿಯುತ್ತಾರೆ. ಇದರಿಂದ ಹಾನಿಯಿಲ್ಲ, ಅಕ್ಷರ ಯಾವುದಾದರೂ ಲೆಕ್ಕವು ಒಂದೇ. ಆದರೆ ಅದರ ವೃತ್ತಿಯನ್ನು ಮನೆಮಾತಿನಲ್ಲಿ ಹೇಳಿಸಿ ನೋಡುವುದು ಹಿರಿಯರ ಕೈಯಲ್ಲಿದೆ. ಸಮೀಕರಣವನ್ನು ಅರ್ಥವರಿಯದೆಯೂ ಬರೆಯಬಹುದು; "ಈ ಅರ್ಧ ಏಕೆ?" ಎಂಬ ಪ್ರಶ್ನೆಗೆ ಅರ್ಥವರಿಯದೆ ಕನ್ನಡದಲ್ಲಿ ಉತ್ತರ ಹೇಳುವುದು ಸಾಧ್ಯವಿಲ್ಲ.