ಎಳೆಯ ಕಾಂಡಕ್ಕೆ ಸೋಗೆಯ ಮರೆ

ಪುತ್ತೂರು, ಸುಳ್ಯ, ಕಡಬದ ಕೃಷಿಕರಿಗೆ ಅಡಿಕೆ ಮರದ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಳೆಯ ಕಾಂಡಕ್ಕೆ ನೈಋತ್ಯ ದಿಕ್ಕಿನ ಇಳಿಬಿಸಿಲು ನೇರವಾಗಿ ಬಡಿದರೆ ಅಲ್ಲಿ ಸುಟ್ಟ ಕಲೆ ಬೀಳುತ್ತದೆ. ಮರ ಅಂದೇ ಸಾಯುವುದಿಲ್ಲ. ಬೆಳೆಯುತ್ತದೆ, ಹಿಂಗಾರ ಬಿಡುತ್ತದೆ, ಫಸಲನ್ನೂ ಕೊಡುತ್ತದೆ. ಆದರೆ ಎಷ್ಟೋ ವರ್ಷಗಳ ಮೇಲೆ ಗಾಳಿಮಳೆಗೆ ಅದು ಮುರಿದು ಬೀಳುವುದು ಆ ಹಳೆಯ ಕಲೆಯ ಜಾಗದಲ್ಲೇ. ಇದನ್ನು ಬಲ್ಲ ಹಿರಿಯರು ಎಳೆಯ ಕಾಂಡಕ್ಕೆ ಸೋಗೆ ಕಟ್ಟುತ್ತಾರೆ, ಸುಣ್ಣ ಬಳಿಯುತ್ತಾರೆ.

ಮನುಷ್ಯನ ಎಳವೆಯೂ ಹೀಗೆಯೇ. ವೀರಶೈವ ಸಂಪ್ರದಾಯದಲ್ಲಿ ಮಗು ಗರ್ಭದಲ್ಲಿರುವಾಗಲೇ ಸಂಸ್ಕಾರ ಆರಂಭವಾಗುತ್ತದೆ. ಹುಟ್ಟಿದ ಶಿಶು ತಾಯಿಯ ದನಿಯನ್ನು ಗುರುತಿಸಿ ಅದನ್ನೇ ಬಯಸುತ್ತದೆ ಎಂದು 1980ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಮೊದಲ ಕೆಲವು ವರ್ಷಗಳಲ್ಲಿ ಮಗುವಿನ ಮಿದುಳಿನ ನರಕೋಶಗಳ ನಡುವೆ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಹೊಸ ಬೆಸುಗೆಗಳು ಏರ್ಪಡುತ್ತವೆ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಬಳಕೆಗೆ ಬಂದವು ಗಟ್ಟಿಯಾಗುತ್ತವೆ, ಬಳಸದವು ಅಳಿದುಹೋಗುತ್ತವೆ.

ಇದಕ್ಕೆ ನಮ್ಮ ನುಡಿಯದೇ ಒಂದು ದೃಷ್ಟಾಂತವಿದೆ. ನಮ್ಮ 'ತ' ಮತ್ತು 'ಟ' ಅಕ್ಷರಗಳ ಭೇದ ಇಂಗ್ಲಿಷ್ ಮಾತನಾಡುವವರ ಕಿವಿಗೆ ಸುಲಭವಾಗಿ ತಿಳಿಯದು. ಆದರೆ ಕೆನಡಾ ದೇಶದ ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿ ಭಾಷೆಯ ಈ ಎರಡು ಧ್ವನಿಗಳ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ, ಮನೆಯಲ್ಲಿ ಕೇಳದ ಕಾರಣ, ಆ ಶಕ್ತಿ ಹೆಚ್ಚುಕಡಿಮೆ ಮಾಸಿಹೋಗಿತ್ತು. 1984ರಲ್ಲಿ ಪ್ರಕಟವಾದ ಸಂಶೋಧನೆಯಿದು. ಅಂಗಳದಲ್ಲಿ ತುಳು, ಅರೆಭಾಷೆ, ಶಾಲೆಯಲ್ಲಿ ಕನ್ನಡ ಎಂದು ಸಲೀಸಾಗಿ ಆಡುವ ನಮ್ಮ ಮಕ್ಕಳ ಜಾಣ್ಮೆಯ ಬೇರು ತೊಟ್ಟಿಲಲ್ಲೇ ಇದೆ.

ಕೇಳಿದ ಮಾತು ಮಿದುಳನ್ನು ಕಟ್ಟುವುದಾದರೆ, ಯಾರೂ ಮಾತನಾಡಿಸದ ಮಗುವಿನ ಗತಿಯೇನು? ರುಮೇನಿಯಾ ದೇಶದ ಅನಾಥಾಲಯಗಳಲ್ಲಿ ಸಾವಿರಾರು ಮಕ್ಕಳು ಅನ್ನವಿದ್ದರೂ ಅಪ್ಪುಗೆಯಿಲ್ಲದೆ ಬೆಳೆದಿದ್ದರು. ಅಂತಹ 136 ಕೂಸುಗಳನ್ನು ವಿಜ್ಞಾನಿಗಳು 2000ದ ದಶಕದ ಆರಂಭದಿಂದ ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಮನೆಗಳಿಗೆ ಸೇರಿಸಲಾಯಿತು. ಅನಾಥಾಲಯದಲ್ಲೇ ಉಳಿದವರಿಗಿಂತ ಮನೆ ಸೇರಿದವರ ಬುದ್ಧಿ ಚುರುಕಾಯಿತು. ಎರಡು ವರ್ಷ ತುಂಬುವ ಮೊದಲೇ ಮಡಿಲು ಸಿಕ್ಕಿದವರು ಇನ್ನೂ ಹೆಚ್ಚು ಚೇತರಿಸಿಕೊಂಡರು.

ಭಯದ ಪರಿಣಾಮವನ್ನೂ ಅರಿಯಬೇಕು. ಮಗು ಹೆದರಿದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಒಮ್ಮೆ ಬೆಚ್ಚಿ ಅಜ್ಜಿಯ ಸೆರಗಿನಲ್ಲಿ ಸಮಾಧಾನಗೊಂಡರೆ ಬಾಧಕವಿಲ್ಲ. ಆದರೆ ದಿನವೂ ಬೈಗುಳ, ಬೆತ್ತದ ಪೆಟ್ಟು, ಕುಡಿದು ಬಂದ ತಂದೆಯ ಗಲಾಟೆ ಎಂದಾದರೆ ನೆನಪಿಗೂ ಸಂಯಮಕ್ಕೂ ಬೇಕಾದ ಮಿದುಳಿನ ಭಾಗಗಳಿಗೆ ಪೆಟ್ಟಾಗುತ್ತದೆ. ಅಂತಹ ಮಗು ಮುಂದೆ ಶಾಲೆಯಲ್ಲಿ ಸಣ್ಣ ಮಾತಿಗೂ ಸಿಡಿಯಬಹುದು, ಪಾಠದಲ್ಲಿ ಮನಸ್ಸು ನಿಲ್ಲದೆ ಹೋಗಬಹುದು. ನಾವು ಅದನ್ನು 'ಮೊಂಡ' ಎಂದು ಕರೆದು ಮತ್ತೆ ಹೊಡೆಯುತ್ತೇವೆ.

"ನಮ್ಮನ್ನೂ ಹೊಡೆದೇ ಬೆಳೆಸಿದರು, ನಾವೇನು ಹಾಳಾದೆವೋ?" ಎಂದು ಹಿರಿಯರು ಕೇಳುವುದುಂಟು. ಬಿಸಿಲು ತಾಗಿದ ಮರಗಳೆಲ್ಲ ಬೀಳುವುದಿಲ್ಲ ನಿಜ. ಹಾಗೆಂದು ಯಾವ ಕೃಷಿಕನೂ ಸೋಗೆ ಕಟ್ಟುವುದನ್ನು ಬಿಟ್ಟಿಲ್ಲವಲ್ಲ!

ಮಕ್ಕಳ ಮನಸ್ಸನ್ನು ಆದರಿಸುವ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು 1930ರ ದಶಕದಲ್ಲೇ ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದರು. ಮಕ್ಕಳಿಗಾಗಿಯೇ 'ಬಾಲಪ್ರಪಂಚ' ಎಂಬ ವಿಶ್ವಕೋಶವನ್ನು ಬರೆದುಕೊಟ್ಟರು. ಮಗುವಿನ ಪ್ರಶ್ನೆಗೆ ಬೆಲೆಯಿದೆ ಎಂದು ನಂಬಿದ ಹಿರಿಯರೊಬ್ಬರು ಈ ಮಣ್ಣಿನಲ್ಲೇ ಬಾಳಿದರು.

ಇಂದು ರಬ್ಬರ್ ತೋಟಕ್ಕೋ, ಬೀಡಿಯ ಸೂಪಿನ ಮುಂದಕ್ಕೋ ತಾಯಿ ಹೋಗಬೇಕು. ತಂದೆ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾನೆ. ಪುಳ್ಳಿಯ ಹೊಣೆ ಅಜ್ಜ ಅಜ್ಜಿಯರದು. ಹಟ ಮಾಡಿದೊಡನೆ ಕೈಗೆ ಮೊಬೈಲು ಕೊಟ್ಟರೆ ಮನೆ ನಿಶ್ಶಬ್ದವಾಗುತ್ತದೆ, ನಿಜ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕೂಸು "ಆ, ಊ" ಎಂದಾಗ ನೀವೂ "ಹೌದಾ ಮಗಾ?" ಎನ್ನಿ. ಅಡಿಕೆ ಸುಲಿಯುತ್ತಾ ಕಥೆ ಹೇಳಿ. 'ಗುಮ್ಮ ಬಂತು' ಎಂದು ಹೆದರಿಸಿ ಉಣಿಸಬೇಡಿ. ಮೂರು ವರ್ಷವಾದೊಡನೆ ಅಂಗನವಾಡಿಗೆ ಕಳುಹಿಸಿ. ಅಲ್ಲಿ ಸಿಗುವುದು ಊಟ ಮಾತ್ರವಲ್ಲ, ಓರಗೆಯವರ ಒಡನಾಟವೂ ಹೌದು.

ಎಳವೆಯಲ್ಲಿ ನೊಂದ ಮಗುವಿನ ಬಾಳು ಅಲ್ಲಿಗೇ ಮುಗಿಯಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಮಿದುಳು ಕಲಿಯುವುದನ್ನು ಎಂದೂ ನಿಲ್ಲಿಸುವುದಿಲ್ಲ. ನೆಚ್ಚಿಕೊಳ್ಳಲು ಪ್ರೀತಿಯ ಹಿರಿಯರೊಬ್ಬರು ಸಿಕ್ಕರೂ ಸಾಕು, ಎಷ್ಟೋ ಗಾಯಗಳು ಮಾಯುತ್ತವೆ. ಮನೆಯಲ್ಲಿ ಗಲಾಟೆಯಿದ್ದರೆ ಅಜ್ಜನ ಮಡಿಲೇ ಆ ಮಗುವಿಗೆ ಸೋಗೆಯ ಮರೆ.

ಹಸಿದವರಿಗೆ ಅನ್ನವಿಕ್ಕುವುದನ್ನು ನಾವು ದಾಸೋಹ ಎನ್ನುತ್ತೇವೆ. ಮಗುವಿನ ತೊದಲು ಮಾತಿಗೆ ತಾಳ್ಮೆಯಿಂದ ಕಿವಿಗೊಡುವುದೂ ದಾಸೋಹವೇ. ಇಂದಿನ ಸಂಜೆಯಿಂದಲೇ ಅದು ನಮ್ಮ ನಮ್ಮ ಜಗಲಿಯಲ್ಲಿ ಆರಂಭವಾಗಲಿ.