ಕಡಲಿನವರೆಗೆ ದಾರಿ ಬೇಕು: ತಪ್ಪು ಕಲ್ಪನೆ ಮತ್ತು ಸತ್ಯ

ಬೆಳಗಾವಿಯಿಂದ ಚೋರ್ಲಾ ಘಟ್ಟ ಇಳಿದರೆ, ಹುಬ್ಬಳ್ಳಿಯಿಂದ ಅನಮೋಡ ಘಟ್ಟ ದಾಟಿದರೆ ಗೋವಾ. ರಜೆ ಬಂತೆಂದರೆ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ಮೊದಲು ನೆನೆಯುವ ಕಡಲು ಅದು. ಆದರೆ ಮನೆಯಲ್ಲಿ ವೀಲ್‌ಚೇರ್ ಬಳಸುವವರಿದ್ದರೆ ಪ್ರವಾಸದ ಮಾತೇ ನಿಂತುಹೋಗುತ್ತದೆ. ಹೊರಟರೂ ಅವರನ್ನು ಕಾರಿನಲ್ಲೋ ಹೋಟೆಲಿನ ಕೋಣೆಯಲ್ಲೋ ಕೂರಿಸಿ ಉಳಿದವರು ನೀರಿಗಿಳಿಯುತ್ತಾರೆ. ಇದಕ್ಕೆ ಅವರ ದೇಹವನ್ನು ದೂರುವುದು ತಪ್ಪು, ಕಡಲನ್ನು ದೂರುವುದೂ ತಪ್ಪು. ವಾಹನ ನಿಲ್ಲಿಸುವ ಜಾಗದಿಂದ ಅಲೆಯವರೆಗಿನ ದಾರಿ ನಡುವೆ ಎಲ್ಲೋ ತುಂಡಾಗಿರುತ್ತದೆ. ಅದನ್ನು ಜೋಡಿಸಲು ಬಿಡದ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಮರಳಿನ ಮೇಲೆ ವೀಲ್‌ಚೇರ್ ಓಡುವುದೇ ಇಲ್ಲ.

ಸತ್ಯ: ಆಸ್ಪತ್ರೆಯ ಮಾದರಿಯ ವೀಲ್‌ಚೇರ್ ಓಡುವುದಿಲ್ಲ, ನಿಜ. ಅದರ ಚಕ್ರ ತೆಳು. ಕೂತವರ ಭಾರವೆಲ್ಲ ಬೆರಳಗಲದ ಜಾಗದ ಮೇಲೆ ಬೀಳುವುದರಿಂದ ಒಣ ಮರಳು ಸರಿದು ಚಕ್ರ ಹೂತುಕೊಳ್ಳುತ್ತದೆ. ಬೀಚಿಗೆಂದೇ ಮಾಡಿದ ವೀಲ್‌ಚೇರ್‌ಗಳಿಗೆ ದಪ್ಪನೆಯ, ಮೆತ್ತಗೆ ಗಾಳಿ ತುಂಬಿದ ಚಕ್ರಗಳಿರುತ್ತವೆ. ಭಾರ ಹರಡಿಕೊಂಡು ಅವು ಮರಳ ಮೇಲೆ ಉರುಳುತ್ತವೆ. ನೀರಿನಲ್ಲಿ ತೇಲುವ ವೀಲ್‌ಚೇರ್‌ಗಳೂ ಇವೆ. ತರಬೇತಾದ ಜೀವರಕ್ಷಕರು ಜೊತೆಗಿದ್ದರೆ ಅವುಗಳಲ್ಲಿ ಒರಗಿ ಕೂತವರು ಅಲೆಗೆ ಮೈಯೊಡ್ಡಬಹುದು. ಸಾಮಾನ್ಯ ವೀಲ್‌ಚೇರ್‌ಗೂ ಉಪಾಯವಿದೆ: ಸುರುಳಿ ಬಿಚ್ಚಿ ಮರಳ ಮೇಲೆ ಹಾಸುವ ಗಟ್ಟಿ ಚಾಪೆ. ಗೋವಾದ ಕ್ಯಾಂಡೋಲಿಮ್ ತೀರದಲ್ಲಿ ವಿಕಲಚೇತನರಿಗಾಗಿ ಬೀಚ್ ಉತ್ಸವವೇ ನಡೆದಿದೆ. ತಂತ್ರಜ್ಞಾನ ಸಿದ್ಧವಾಗಿದೆ. ಉತ್ಸವ ಮುಗಿದ ಮರುದಿನವೂ ಅದು ತೀರದಲ್ಲಿರಬೇಕು, ಅಷ್ಟೆ.

ತಪ್ಪು ಕಲ್ಪನೆ: ದಾರಿ ಮಾಡಿದರೆ ಪ್ರಕೃತಿ ಹಾಳು, ಮಾಡಿದ್ದನ್ನೂ ಕಡಲು ಕೊಚ್ಚಿಕೊಂಡು ಹೋಗುತ್ತದೆ.

ಸತ್ಯ: ಗೋವಾದ ತೀರದಲ್ಲಿ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬಿದಿರು, ತೆಂಗಿನ ಗರಿಗಳ ಊಟದ ಗುಡಿಸಲುಗಳು (ಶ್ಯಾಕ್) ಏಳುತ್ತವೆ, ಮುಂದಿನ ಮಳೆಗೆ ಮೊದಲು ಅವನ್ನು ಬಿಚ್ಚಿಡುತ್ತಾರೆ. ಊಟ ಬಡಿಸಲು ಸಾಧ್ಯವಿರುವ ಈ ವ್ಯವಸ್ಥೆ ಒಂದು ಹಾದಿಗೇಕೆ ಸಾಧ್ಯವಿಲ್ಲ? ಚೆನ್ನೈನ ಮರೀನಾ ತೀರದಲ್ಲಿ 2022ರ ನವೆಂಬರ್‌ನಲ್ಲಿ ವಿಕಲಚೇತನರಿಗಾಗಿ ಮರದ ಹಾದಿ ತೆರೆಯಿತು. ಮರುತಿಂಗಳೇ ಮಾಂಡೌಸ್ ಚಂಡಮಾರುತ ಅದನ್ನು ಹಾನಿಗೊಳಿಸಿತು. ದುರಸ್ತಿ ಮಾಡಿ ಮತ್ತೆ ಬಳಕೆಗೆ ಕೊಟ್ಟರು. ಮಳೆಗೆ ರಸ್ತೆ ಕಿತ್ತುಹೋದಾಗಲೂ ನಾವು ಮಾಡುವುದು ಅದನ್ನೇ. ಇನ್ನು ಪ್ರಕೃತಿಯ ಮಾತು: ಗೊತ್ತಾದ ಹಾದಿ ಇಲ್ಲದಿದ್ದಾಗಲೇ ಜನ ಕಂಡಕಂಡಲ್ಲಿ ನಡೆದು, ಮರಳದಿಬ್ಬ ಹಿಡಿದಿಡುವ ಬಳ್ಳಿಗಳನ್ನು ತುಳಿಯುವುದು. ನೆಲದಿಂದ ಎತ್ತರಿಸಿ ಹಾಕಿದ ಹಲಗೆಯ ದಾರಿ ಹೆಜ್ಜೆಗಳನ್ನೆಲ್ಲ ಒಂದೇ ಸಾಲಿಗೆ ತಂದು ಉಳಿದ ನೆಲವನ್ನು ಕಾಯುತ್ತದೆ. ಪಣಜಿಯಲ್ಲಿ ಮ್ಯಾಂಗ್ರೋವ್ ಗಿಡಗಳ ನಡುವೆ ಹಾಕಿರುವ ಹಲಗೆದಾರಿ ಕಣ್ಣೆದುರಿನ ಉದಾಹರಣೆ.

ತಪ್ಪು ಕಲ್ಪನೆ: ಒಂದು ರ‍್ಯಾಂಪ್ ಕಟ್ಟಿದರೆ ಕೆಲಸ ಮುಗಿಯಿತು.

ಸತ್ಯ: ಮೊದಲು ಆ ರ‍್ಯಾಂಪಿನ ಲೆಕ್ಕ ನೋಡೋಣ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಸಾಮಾನ್ಯವಾಗಿ ಒಪ್ಪಿದ ಮಾನದಂಡ. 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೂ ಸಾಕು, 5.4 ಮೀಟರ್ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಮೆಟ್ಟಿಲ ಪಕ್ಕದಲ್ಲಿ ಜಾರುಬಂಡಿಯಂತೆ ಸುರಿದ ಕಾಂಕ್ರೀಟು ಯಾರಿಗೂ ದಾರಿಯಾಗದು. ರ‍್ಯಾಂಪ್ ಸರಿಯಿದ್ದರೂ, ವೀಲ್‌ಚೇರ್ ತಿರುಗುವಷ್ಟು ಅಗಲದ ಶೌಚಾಲಯ ಹತ್ತಿರದಲ್ಲಿ ಇರದಿದ್ದರೆ ಜನ ನೀರು ಕುಡಿಯದೆ ದಿನ ದೂಡುತ್ತಾರೆ, ಇಲ್ಲವೇ ಬರುವುದೇ ಇಲ್ಲ.

ವೈಕಲ್ಯವೆಂದರೆ ಕಾಲಿಗೆ ಸಂಬಂಧಿಸಿದ್ದು ಮಾತ್ರವೂ ಅಲ್ಲ. 2011ರ ಜನಗಣತಿ ಗುರುತಿಸಿದ 2.68 ಕೋಟಿ ವಿಕಲಚೇತನರಲ್ಲಿ ಚಲನೆಯ ತೊಂದರೆಯವರು ಸುಮಾರು ಶೇ 20. ದೃಷ್ಟಿಯ ತೊಂದರೆಯವರು ಶೇ 19, ಶ್ರವಣದ ತೊಂದರೆಯವರೂ ಶೇ 19. ಕಿವಿ ಕೇಳದವರಿಗೆ ಜೀವರಕ್ಷಕರ ಸೀಟಿ ಮುಟ್ಟುವುದಿಲ್ಲ. ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ, ಕಾವಲಿರುವ ಜಾಗ ತೋರುವ ಕೆಂಪು-ಹಳದಿ ಬಾವುಟ ದೂರದಿಂದಲೇ ಕಾಣುವಂತಿರುವುದು ಅವರಿಗೆ ಪ್ರಾಣದ ಪ್ರಶ್ನೆ. ಬೌದ್ಧಿಕ ವೈಕಲ್ಯ ಅಥವಾ ಆಟಿಸಂ ಇರುವ ಮಕ್ಕಳಿಗೆ ಗದ್ದಲವಿಲ್ಲದ ಒಂದು ಮೂಲೆ, ಚಿತ್ರವಿರುವ ಸರಳ ಫಲಕ ಬೇಕು.

ತಪ್ಪು ಕಲ್ಪನೆ: ಕಣ್ಣು ಕಾಣದವರು ಕಾಡಿಗೆ ಹೋಗಿ ಏನು ನೋಡಿಯಾರು?

ಸತ್ಯ: ಹಕ್ಕಿಗಳನ್ನು ಬಲ್ಲವರು ದಟ್ಟ ಕಾಡಿನಲ್ಲಿ ಹಕ್ಕಿಯನ್ನು ಮೊದಲು ಗುರುತಿಸುವುದು ಕಿವಿಯಿಂದ. ಗೋವಾದ ಮೊಲೆಮ್‌ನಂಥ ಪಶ್ಚಿಮ ಘಟ್ಟದ ಕಾಡಿನಲ್ಲಿ ಸರಳೆ ಸಿಳ್ಳಾರವೆಂಬ ಹಕ್ಕಿ ಮಳೆಗಾಲದ ನಸುಕಿನಲ್ಲಿ ಥೇಟ್ ಮನುಷ್ಯರಂತೆ ಸಿಳ್ಳೆ ಹಾಕುತ್ತದೆ. ಅದನ್ನು ಸವಿಯಲು ಕಣ್ಣು ಬೇಕಿಲ್ಲ. ತೊಗಟೆಯ ಒರಟು, ಮೊದಲ ಮಳೆಗೆ ನೆಲದಿಂದೇಳುವ ವಾಸನೆ, ತೊರೆಯ ತಂಪು ಎಲ್ಲವೂ ಕಾಡೇ. ಬೇಕಾದದ್ದು ಹಾದಿಯಂಚಿಗೆ ಕೈಹಿಡಿಯುವ ಹಗ್ಗ, ಬ್ರೈಲ್ ಫಲಕ, ಕಂಡದ್ದನ್ನು ಮಾತಿನಲ್ಲಿ ಕಟ್ಟಿಕೊಡಬಲ್ಲ ಗೈಡ್.

ತಪ್ಪು ಕಲ್ಪನೆ: ಇದೆಲ್ಲ ಸರ್ಕಾರದ, ಉದಾರಿಗಳ ಕೃಪೆ.

ಸತ್ಯ: ಇದು ಹಕ್ಕು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಹೊರಾಂಗಣ ಶಿಬಿರಗಳಲ್ಲಿ, ಸಾಹಸ ಚಟುವಟಿಕೆಗಳಲ್ಲಿ ವಿಕಲಚೇತನರು ಪಾಲ್ಗೊಳ್ಳಲು ಅನುವು ಮಾಡಿಕೊಡಬೇಕೆಂದು ಅದು ಬಿಡಿಸಿ ಹೇಳುತ್ತದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇಟ್ಟಿದ್ದ ನಿಯಮವನ್ನು ರದ್ದುಮಾಡಿ, ಕಡ್ಡಾಯ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು.

ತಪ್ಪು ಕಲ್ಪನೆ: ಬರುವವರೇ ಇಲ್ಲ, ಇಷ್ಟೆಲ್ಲ ಯಾರಿಗಾಗಿ?

ಸತ್ಯ: ದಾರಿಯಿಲ್ಲದ ಕಡೆ ಯಾರೂ ಕಾಣುವುದಿಲ್ಲ, ಕಾಣುವುದಿಲ್ಲವೆಂದು ದಾರಿ ಮಾಡುವುದಿಲ್ಲ. ಈ ಸುತ್ತನ್ನು ಗೋವಾ ಮುರಿದು ತೋರಿಸಿದೆ. ಅಲ್ಲಿನ ವಿಕಲಚೇತನರ ರಾಜ್ಯ ಆಯೋಗ 2023ರ ಜನವರಿ 6ರಿಂದ 8ರವರೆಗೆ ಪಣಜಿಯಲ್ಲಿ ವಿಕಲಚೇತನರ ಉತ್ಸವವಾದ ಪರ್ಪಲ್ ಫೆಸ್ಟ್ ಅನ್ನು ಮೊದಲ ಬಾರಿ ನಡೆಸಿದಾಗ ದೇಶದ ನಾನಾ ಕಡೆಯಿಂದ ಜನ ಬಂದರು. ಮರುವರ್ಷ ಅದು ಅಂತರರಾಷ್ಟ್ರೀಯ ಉತ್ಸವವಾಯಿತು. ದಾರಿ ವಿಕಲಚೇತನರಿಗಷ್ಟೇ ಅಲ್ಲ: ಮಂಡಿನೋವಿನ ಅಜ್ಜಿ, ತುಂಬು ಬಸುರಿ, ಕೂಸಿನ ತಳ್ಳುಗಾಡಿ ಹಿಡಿದ ತಂದೆ, ಕಾಲು ಮುರಿದುಕೊಂಡ ಹುಡುಗ, ಎಲ್ಲರೂ ಬಳಸುವುದು ಇದೇ ದಾರಿಯನ್ನು.

ಕರ್ನಾಟಕದ ಕರಾವಳಿಗೂ ಇದು ಅನ್ವಯಿಸುತ್ತದೆ. ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳು 2020ರ ಅಕ್ಟೋಬರ್‌ನಲ್ಲಿ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ವಿಕಲಚೇತನರಿಗೆ ಪ್ರವೇಶ ಸೌಲಭ್ಯವೂ ಆ ಮಾನ್ಯತೆಯ ಮಾನದಂಡಗಳಲ್ಲಿ ಸೇರಿದೆ. ಎರಡು ತೀರಗಳಲ್ಲಿ ಆದದ್ದು ಮಿಕ್ಕ ತೀರಗಳಲ್ಲೂ ಆಗಬೇಕು. ಮುಂದಿನ ಪ್ರವಾಸಕ್ಕೆ ಕೋಣೆ ಕಾಯ್ದಿರಿಸುವ ಮೊದಲು ನಿಮ್ಮ ಮನೆಯಲ್ಲಿ ವಿಕಲಚೇತನರು ಇರಲಿ, ಇಲ್ಲದಿರಲಿ, ಫೋನು ಮಾಡಿ ಕೇಳಿ: ಮೆಟ್ಟಿಲು ಎಷ್ಟು, ಶೌಚಾಲಯದ ಬಾಗಿಲು ಎಷ್ಟು ಅಗಲ, ಮರಳಿನವರೆಗೆ ಗಟ್ಟಿ ದಾರಿ ಇದೆಯೇ? ಸಾರ್ವಜನಿಕ ಜಾಗದಲ್ಲಿ ಇವು ಇಲ್ಲದಿದ್ದರೆ ಆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಬರೆಯಿರಿ. ಅದನ್ನು ವಿಚಾರಿಸುವ ಹೊಣೆಯನ್ನು ಕಾಯ್ದೆಯೇ ಅವರಿಗೆ ಕೊಟ್ಟಿದೆ.