ಮದುವೆಗೆ ಮುನ್ನ ಕೇಳಲು ಸಂಕೋಚಪಡುವ ಒಂದು ಪ್ರಶ್ನೆ

ಹೆಣ್ಣು ನೋಡುವ ದಿನದಿಂದ ನಿಶ್ಚಿತಾರ್ಥದವರೆಗೆ ಎರಡೂ ಮನೆಯವರು ಕೇಳದ ಪ್ರಶ್ನೆಯಿಲ್ಲ. ಎಷ್ಟು ಓದಿದ್ದಾರೆ, ತೋಟ ಎಷ್ಟಿದೆ, ಕೆಲಸ ಖಾಯಮ್ಮೇ, ಮನೆತನದಲ್ಲಿ ಸಕ್ಕರೆ ಕಾಯಿಲೆ ಉಂಟೇ ಎಂದು ಎಲ್ಲವನ್ನೂ ವಿಚಾರಿಸುತ್ತಾರೆ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ಪರೀಕ್ಷೆ ಆಗಿದೆಯೇ ಎಂದು ಮಾತ್ರ ಕೇಳುವವರು ವಿರಳ. ಕೇಳಿದರೆ ನಡತೆಯ ಮೇಲೆ ಸಂಶಯಪಟ್ಟಂತಾದೀತೆಂಬ ಅಳುಕು. ಹೀಗಾಗಿ ಅನೇಕ ಹೆಣ್ಣುಮಕ್ಕಳಿಗೆ ತಮಗೆ ಸೋಂಕು ತಗುಲಿರುವುದು ಗೊತ್ತಾಗುವುದು ಗರ್ಭಿಣಿಯಾಗಿ ಮೊದಲ ತಪಾಸಣೆಗೆ ಬಂದಾಗ. ಆ ವೇಳೆಗೆ ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆಯೂ ಚಿಂತಿಸಬೇಕಾಗುತ್ತದೆ.

ಈ ಮಾತು ಮೊದಲ ಮದುವೆಗಷ್ಟೇ ಅಲ್ಲ. ಮರುಮದುವೆಯಾಗುವವರಿಗೂ, ಮದುವೆಯಿಲ್ಲದೆ ಹೊಸ ಸಂಬಂಧ ಬೆಳೆಸುವವರಿಗೂ ಅನ್ವಯಿಸುತ್ತದೆ. ಸಂಬಂಧ ಯಾವ ಬಗೆಯದು ಎಂದು ರೋಗಾಣು ನೋಡುವುದಿಲ್ಲ.

ಆಳು ಗಟ್ಟಿಮುಟ್ಟಾಗಿದ್ದಾರೆ, ಒಳ್ಳೆಯ ಮನೆತನ ಎಂಬುದರಿಂದ ಏನೂ ತಿಳಿಯದು. ಎಚ್.ಐ.ವಿ. ಸೋಂಕಿತರು ಹಲವು ವರ್ಷ ಯಾವ ತೊಂದರೆಯೂ ಇಲ್ಲದೆ ಇರಬಲ್ಲರು. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ಗೊನೋರಿಯಾ, ಕ್ಲಮೈಡಿಯಾ ಹೆಂಗಸರಲ್ಲಿ ಬಹುಪಾಲು ಸದ್ದಿಲ್ಲದೆ ಇದ್ದು ಮುಂದೆ ಬಂಜೆತನಕ್ಕೂ ಕಾರಣವಾಗಬಹುದು.

ಹೇಗೆ ಕೇಳುವುದು?

"ನಿಮಗೇನಾದರೂ ಕಾಯಿಲೆ ಇದೆಯೇ?" ಎಂದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿದ್ದಾರೆಂದಲ್ಲ, ಅವರಿಗೇ ಗೊತ್ತಿರುವುದಿಲ್ಲ. ನಮ್ಮ ಅನುಭವದಲ್ಲಿ ತನ್ನಿಂದಲೇ ಶುರುಮಾಡುವುದು ಸುಲಭ: "ಮದುವೆಗೆ ಮುಂಚೆ ನಾನೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದೇನೆ, ಬುಧವಾರ ಹೋಗುತ್ತೇನೆ. ನೀವೂ ಬನ್ನಿ, ಇಬ್ಬರದೂ ಒಟ್ಟಿಗೆ ಆಗಲಿ." ಇದನ್ನು ಹಿರಿಯರ ಮೂಲಕ ಹೇಳಿಸುವುದಕ್ಕಿಂತ ಹುಡುಗ ಹುಡುಗಿಯೇ ಮಾತಾಡಿಕೊಳ್ಳುವುದು ಒಳ್ಳೆಯದು. ಛತ್ರ ಗೊತ್ತುಮಾಡಿ, ಕರೆಯೋಲೆ ಅಚ್ಚಾದ ಮೇಲೆ ಕೇಳಿದರೆ ಬಾಯಿ ಕಟ್ಟಿದಂತಾಗುತ್ತದೆ.

"ಎಲ್ಲಾ ಟೆಸ್ಟ್ ಆಗಿದೆ" ಎಂದರೆ ಯಾವುದು, ಯಾವಾಗ ಎಂದು ಕೇಳಿ. ಸಾಮಾನ್ಯ ರಕ್ತ ತಪಾಸಣೆಯಲ್ಲಿ ಇವು ಯಾವುವೂ ಸೇರಿರುವುದಿಲ್ಲ. ಎಚ್.ಐ.ವಿ., ಸಿಫಿಲಿಸ್‌ಗೆ ವಿ.ಡಿ.ಆರ್.ಎಲ್. ಅಥವಾ ಆರ್.ಪಿ.ಆರ್., ಹೆಪಟೈಟಿಸ್-ಬಿ ಇಷ್ಟನ್ನಾದರೂ ಹೆಸರಿಟ್ಟು ಕೇಳಬೇಕು. ಗೊನೋರಿಯಾ, ಕ್ಲಮೈಡಿಯಾಗೆ ಮೂತ್ರದ ಅಥವಾ ಸ್ರಾವದ ಪರೀಕ್ಷೆಯಿದೆ. ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ, ಉರಿಮೂತ್ರ ಅಥವಾ ಸ್ರಾವವಿದ್ದರೆ ವೈದ್ಯರು ಲಕ್ಷಣ ನೋಡಿಯೇ ಔಷಧಿ ಕೊಡುತ್ತಾರೆ.

ವರದಿಯ ದಿನಾಂಕವೂ ಮುಖ್ಯ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಎಚ್.ಐ.ವಿ., ಸಿಫಿಲಿಸ್ ಎರಡಕ್ಕೂ 3 ತಿಂಗಳವರೆಗೆ ಬೇಕಾಗಬಹುದು. ಇದನ್ನು ವಿಂಡೋ ಅವಧಿ ಎನ್ನುತ್ತಾರೆ. ಹಿಂದಿನ ಸಂಪರ್ಕವಾಗಿ 3 ತಿಂಗಳು ಕಳೆದ ಮೇಲೆ ಮಾಡಿಸಿದ ಪರೀಕ್ಷೆಯನ್ನು ನಂಬಬಹುದು. ಅಲ್ಲಿಯವರೆಗೆ ನಿರೋಧ್ ಬಳಸಬೇಕು.

ಗುಟ್ಟಾಗಿ ಮಾಡಿಸಬಹುದೇ?

ಕೂಡದು. "ಸಕ್ಕರೆ ಪರೀಕ್ಷೆ ಎಂದು ಹೇಳಿ ಅದನ್ನೂ ನೋಡಿಬಿಡಿ" ಎಂದು ಹುಡುಗನದೋ ಹುಡುಗಿಯದೋ ಕಡೆಯವರು ಕೇಳುವುದುಂಟು. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ತನಗೆ ಸೋಂಕಿದೆ ಎಂದು ತಿಳಿದು ಸಲಹೆ ಪಡೆದವರು ಸಂಗಾತಿಗೆ ಹರಡದಂತೆ ಮುನ್ನೆಚ್ಚರಿಕೆ ವಹಿಸಬೇಕು ಅಥವಾ ಮೊದಲೇ ತಿಳಿಸಬೇಕು ಎಂದೂ ಅದೇ ಕಾಯಿದೆ ಹೇಳುತ್ತದೆ. ಹೇಳಿದರೆ ಹೊಡೆತ ಬೀಳುವ ಭಯವಿರುವ ಹೆಂಗಸರಿಗೆ ಅದರಲ್ಲಿ ವಿನಾಯಿತಿ ಇದೆ. ಪರೀಕ್ಷೆಗೆ ಒಪ್ಪುವುದು ಬಿಡುವುದು ಆ ವ್ಯಕ್ತಿಯ ಇಚ್ಛೆ. ಒಪ್ಪದಿದ್ದರೆ ಮದುವೆ ಮುಂದೂಡುವುದು ನಿಮ್ಮ ಇಚ್ಛೆ.

ಸೋಂಕು ಕಂಡುಬಂದರೆ ಮೊದಲು ವೈದ್ಯರ ಬಳಿ ಮಾತಾಡಿ, ನೆಂಟರ ಬಳಿ ಅಲ್ಲ. ಒಂದೇ ಪರೀಕ್ಷೆಯಿಂದ ಎಚ್.ಐ.ವಿ. ಎಂದು ತೀರ್ಮಾನಿಸುವುದಿಲ್ಲ, ಮೂರು ಬೇರೆ ಬೇರೆ ಪರೀಕ್ಷೆಗಳಲ್ಲೂ ಬರಬೇಕು. ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ ಔಷಧಿಯಿಂದ ಗುಣವಾಗುತ್ತವೆ, ಆದರೆ ಜೊತೆಗಾರರಿಗೂ ಚಿಕಿತ್ಸೆ ಆಗದಿದ್ದರೆ ಮತ್ತೆ ಅಂಟಿಕೊಳ್ಳುತ್ತವೆ. ಒಬ್ಬರಿಗೆ ಹೆಪಟೈಟಿಸ್-ಬಿ ಇದ್ದರೆ ಇನ್ನೊಬ್ಬರಿಗೆ ಲಸಿಕೆ ಹಾಕಿಸಬಹುದು. ಎಚ್.ಐ.ವಿ.ಗೆ ಎ.ಆರ್.ಟಿ. ಔಷಧಿ ಸರ್ಕಾರದಿಂದ 2004ರಿಂದ ಉಚಿತವಾಗಿ ಸಿಗುತ್ತಿದೆ. ಬಿಡದೆ ಸೇವಿಸಿ, ವೈರಸ್ ಪ್ರಮಾಣ ಪರೀಕ್ಷೆಗೂ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ ಸಂಭೋಗದಿಂದ ಸಂಗಾತಿಗೆ ಹರಡುವುದಿಲ್ಲ. ಎಲ್ಲವನ್ನೂ ತಿಳಿದು ಒಪ್ಪಿ ಮದುವೆಯಾಗಿ, ಸೋಂಕಿಲ್ಲದ ಮಕ್ಕಳನ್ನು ಪಡೆದ ದಂಪತಿಗಳಿದ್ದಾರೆ.

ಕಕ್ಕಬೆಯಂತಹ ಊರಿನಲ್ಲಿ ಬಸ್ಸು ಹತ್ತಿದವರೆಲ್ಲ ಪರಿಚಿತರೇ, ನಾಪೋಕ್ಲು ತಲುಪುವ ಮೊದಲೇ "ಯಾರಿಗೆ ಹುಷಾರಿಲ್ಲ?" ಎಂಬ ಪ್ರಶ್ನೆ ಬರುತ್ತದೆ. ಈ ಮುಜುಗರವೇ ಅಡ್ಡಿಯಾದರೆ ಮಡಿಕೇರಿಗೇ ಹೋಗಬೇಕೆಂದಿಲ್ಲ, ಮೈಸೂರಿನಲ್ಲೂ ಮಾಡಿಸಬಹುದು. ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ. ಪರೀಕ್ಷೆಗೆ ಮೊದಲೂ ನಂತರವೂ ಆಪ್ತಸಮಾಲೋಚಕರು ಪ್ರತ್ಯೇಕವಾಗಿ ಕೂರಿಸಿ ಮಾತಾಡುತ್ತಾರೆ; ಜೋಡಿಯಾಗಿಯೂ ಹೋಗಬಹುದು. ಹೋಗುವ ಮೊದಲು ಕೇಳಿ ತಿಳಿಯಬೇಕೆನಿಸಿದರೆ 1097ಕ್ಕೆ ಕರೆ ಮಾಡಿ. ಅದಕ್ಕೆ ಹಣ ಕೊಡಬೇಕಿಲ್ಲ.